ಗಡಿಯಾಚೆಯ ನೆಲಕ್ಕೆ ಯಾರ ದುಡ್ಡು?

1858ರ ಆಗಸ್ಟ್‌ನಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಭಾರತದ ಆಡಳಿತವನ್ನು ಈಸ್ಟ್ ಇಂಡಿಯಾ ಕಂಪನಿಯಿಂದ ತೆಗೆದು ರಾಣಿಯ ಹೆಸರಿಗೆ ಮಾಡಿತು. ಆ ಕಾಯ್ದೆಯ 55ನೆಯ ಕಲಮು ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣಿಸುವುದಿಲ್ಲ. ಭಾರತದ ಮೇಲೆ ಬಂದ ದಾಳಿಯನ್ನು ತಡೆಯುವುದಕ್ಕೆ, ಹಿಮ್ಮೆಟ್ಟಿಸುವುದಕ್ಕೆ, ಅಥವಾ ಹಠಾತ್ತಾಗಿ ಒದಗಿದ ತುರ್ತಿಗೆ ಹೊರತು, ಗಡಿಯಾಚೆಗಿನ ಯಾವ ಸೇನಾ ಕಾರ್ಯಾಚರಣೆಯ ಖರ್ಚನ್ನೂ ಪಾರ್ಲಿಮೆಂಟಿನ ಎರಡೂ ಸದನಗಳ ಒಪ್ಪಿಗೆಯಿಲ್ಲದೆ ಭಾರತದ ಕಂದಾಯದಿಂದ ಭರಿಸಕೂಡದು ಎಂಬುದು ಅದರ ಸಾರ. ಇದಕ್ಕೆ ಹಿನ್ನೆಲೆಯಿತ್ತು. 1839ರಿಂದ 1842ರವರೆಗಿನ ಆಫ್ಘನ್ ಯುದ್ಧದ ಹೊರೆ ಭಾರತದ ರೈತನ ತಲೆಗೆ ಬಿದ್ದಿತ್ತು. 1856-57ರ ಪರ್ಷಿಯಾ ಯುದ್ಧ ಪಾರ್ಲಿಮೆಂಟಿಗೆ ತಿಳಿಯುವ ಮೊದಲೇ ಶುರುವಾಗಿತ್ತು. ಮಂತ್ರಿಗಳು ಭಾರತದ ಸೈನ್ಯವನ್ನೂ ಭಾರತದ ಬೊಕ್ಕಸವನ್ನೂ ಬಳಸಿ ತಮಗೆ ಬೇಕೆಂದಲ್ಲಿ ಯುದ್ಧ ಹೂಡಬಹುದಾದರೆ ಪಾರ್ಲಿಮೆಂಟಿನ ಹಣದ ಹಿಡಿತಕ್ಕೆ ಬೆಲೆಯೇನು ಎಂದು ಯೋಚಿಸಿದ ಸಂಸದ ಗ್ಲ್ಯಾಡ್‌ಸ್ಟನ್ ಈ ಕಲಮಿಗಾಗಿ ಒತ್ತಾಯಿಸಿದರು. ಪರರ ನೆಲವನ್ನು ಹಿಡಿಯುವ, ಹಿಡಿದು ಉಳಿಸಿಕೊಳ್ಳುವ ಕೆಲಸಕ್ಕೆ ಶಾಸನಸಭೆಯೊಂದು ದುಡ್ಡಿನ ಮೂಲಕ ಲಗಾಮು ಹಾಕಬಹುದೇ, ಹಾಕಿದರೆ ಅದು ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ಈ ಕಲಮಿನ ಕಥೆಯಷ್ಟು ಒಳ್ಳೆಯ ಪಾಠ ಬೇರೆ ಸಿಗಲಾರದು. ಹಾಕಬಹುದು, ಹಾಕಲೇಬೇಕು ಎಂಬುದು ನನ್ನ ನಿಲುವು. ಆದರೆ ಅದಕ್ಕೆ ಎರಡು ಷರತ್ತುಗಳಿವೆ: ದುಡ್ಡು ಕೊಡುವವನ ಕೈಯಲ್ಲೇ ಮತವಿರಬೇಕು, ಮತ್ತು ಆ ಮತ ಖರ್ಚಿಗಿಂತ ಮೊದಲು ಬೀಳಬೇಕು. 55ನೆಯ ಕಲಮಿನಲ್ಲಿ ಈ ಎರಡೂ ಇರಲಿಲ್ಲ.

ಅದರ ಮೊದಲ ದೊಡ್ಡ ಪರೀಕ್ಷೆ 1867ರಲ್ಲಿ ನಡೆಯಿತು. ಅಬಿಸೀನಿಯಾದ ದೊರೆ ಸೆರೆಯಲ್ಲಿಟ್ಟಿದ್ದ ಕೆಲವು ಯುರೋಪಿಯನ್ನರನ್ನು ಬಿಡಿಸಲು ಬೊಂಬಾಯಿಯಿಂದ ಸೈನ್ಯ ಹೊರಟಿತು. ಭಾರತಕ್ಕೂ ಈ ಜಗಳಕ್ಕೂ ಏನೂ ಸಂಬಂಧವಿರಲಿಲ್ಲ. ಆದರೂ ಸಿಪಾಯಿಗಳ ಮಾಮೂಲು ಸಂಬಳವನ್ನು ಭಾರತವೇ ಕೊಡತಕ್ಕದ್ದೆಂದು ಪಾರ್ಲಿಮೆಂಟು ಒಪ್ಪಿತು. ಹೇಗೂ ಕೊಡುತ್ತಿದ್ದ ಸಂಬಳ ತಾನೇ ಎಂಬುದು ಮಂತ್ರಿಗಳ ವಾದ. ಭಾರತವನ್ನು ಬೇಕೆಂದಾಗ ಪುಕ್ಕಟೆಯಾಗಿ ಸೈನಿಕರನ್ನು ಎತ್ತಿಕೊಳ್ಳುವ ಬ್ಯಾರಕ್ಕಿನಂತೆ ಕಾಣಬಾರದೆಂದು ಕನ್ಸರ್ವೇಟಿವ್ ಪಕ್ಷದ ಕ್ರ್ಯಾನ್‌ಬೋರ್ನ್ ಎಚ್ಚರಿಸಿದರು. ಮುಂದೆ ಸಾಲ್ಸ್‌ಬರಿ ಎಂಬ ಹೆಸರಿನಲ್ಲಿ ಪ್ರಧಾನಿಯಾದವರು ಇವರೇ. ಎಚ್ಚರಿಕೆ ದಾಖಲೆಯಲ್ಲಿ ಉಳಿಯಿತು, ನಿರ್ಣಯ ಅಂಗೀಕಾರವಾಯಿತು. ಹನ್ನೊಂದು ವರ್ಷಗಳ ನಂತರ, 1878ರ ನವೆಂಬರ್‌ನಲ್ಲಿ, ವೈಸ್‌ರಾಯ್ ಲಿಟ್ಟನ್ ಸೈನ್ಯವನ್ನು ಆಫ್ಘಾನಿಸ್ತಾನಕ್ಕೆ ನುಗ್ಗಿಸಿದ ಬಳಿಕ ಡಿಸೆಂಬರ್‌ನಲ್ಲಿ ಪಾರ್ಲಿಮೆಂಟು ಸೇರಿ ಖರ್ಚನ್ನು ಭಾರತದ ಮೇಲೆ ಹೊರಿಸಲು ಒಪ್ಪಿಗೆ ಕೊಟ್ಟಿತು. ಕಣ್ಣು ಕಳೆದುಕೊಂಡಿದ್ದರೂ ಭಾರತದ ಲೆಕ್ಕಪತ್ರಗಳನ್ನು ಬೇರೆ ಯಾವ ಸದಸ್ಯನಿಗಿಂತ ಚೆನ್ನಾಗಿ ಬಲ್ಲವರಾಗಿದ್ದ ಹೆನ್ರಿ ಫಾಸೆಟ್ ವಿರೋಧಿಸಿದರು, ಸೋತರು. ಯುದ್ಧದ ನಿಜವಾದ ಖರ್ಚು ಸರ್ಕಾರ ಹೇಳಿದ ಅಂದಾಜಿನ ದುಪ್ಪಟ್ಟನ್ನೂ ಮೀರಿತು. ಕೊನೆಗೆ ಬ್ರಿಟನ್ ತನ್ನ ಪಾಲೆಂದು ಕೊಟ್ಟದ್ದು 50 ಲಕ್ಷ ಪೌಂಡ್. ಅದಕ್ಕಿಂತ ಎಷ್ಟೋ ಹೆಚ್ಚಿನ ಉಳಿದ ಭಾಗ ನಮ್ಮದು.

ಆ ಕಾಲಕ್ಕೆ ನಮ್ಮದು ಎಂದರೆ ಯಾರದು ಎಂಬುದನ್ನೂ ನೋಡಬೇಕು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಬರ ತಿಂದುಹಾಕಿತ್ತು. ಮೈಸೂರಿನ ಹಳ್ಳಿಗಳಲ್ಲಿ ಧಾತು-ಈಶ್ವರ ಸಂವತ್ಸರಗಳ ಬರವೆಂದು ತಲೆಮಾರುಗಳ ಕಾಲ ನೆನೆದದ್ದು ಇದನ್ನೇ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಮುಂದಿನ ಬರಗಳಿಗೆಂದು ಲಿಟ್ಟನ್ ಸರ್ಕಾರ 1878ರಲ್ಲಿ ಹೊಸ ತೆರಿಗೆಗಳನ್ನು ಹಾಕಿ ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿ ತೆಗೆದಿಡುವ ಮಾತು ಕೊಟ್ಟಿತು; ವರ್ಷ ತುಂಬುವುದರೊಳಗೆ ಆ ಮಾತು ಮುರಿದು ದುಡ್ಡು ಆಫ್ಘನ್ ಯುದ್ಧದ ಕಡೆ ತಿರುಗಿತೆಂಬ ಆರೋಪ ಇಂಗ್ಲೆಂಡಿನಲ್ಲೇ ಎದ್ದಿತು. ಅನ್ನವಿಲ್ಲದೆ ಸತ್ತವರ ಊರುಗಳಿಂದ ಎತ್ತಿದ ತೆರಿಗೆ ಕಾಬೂಲಿನ ಕಣಿವೆಗಳಲ್ಲಿ ಕರಗುತ್ತಿದ್ದಾಗ ಅದಕ್ಕೆ ಹೂಂ ಎಂದವರು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಕುಳಿತಿದ್ದ ಸದಸ್ಯರು. ಆ ತೆರಿಗೆಯ ಒಂದು ಕಾಸನ್ನೂ ಅವರು ಕೊಟ್ಟವರಲ್ಲ, ಅವರನ್ನು ಆರಿಸಿದವರೂ ಕೊಟ್ಟವರಲ್ಲ. ಕಲಮಿನಲ್ಲಿ ಅಕ್ಷರ ದೋಷವಿರಲಿಲ್ಲ. ಒಪ್ಪಿಗೆ ಕೊಡುವವನ ಜೇಬಿಗೂ ಖರ್ಚಿಗೂ ನಂಟೇ ಇಲ್ಲದ ಕಡೆ ಒಪ್ಪಿಗೆಯೆಂಬುದು ಬರೀ ಸಹಿಯಾಗಿಬಿಡುತ್ತದೆ.

ಬರ್ಮಾದ ಪ್ರಕರಣ ಇನ್ನೂ ನೇರವಾದದ್ದು. ಅಲ್ಲಿ ಹಿಡಿಯಬೇಕಾಗಿದ್ದದ್ದು ನೆಲವನ್ನೇ. 1885ರ ನವೆಂಬರ್ 14ರಂದು ಭಾರತದ ಸೈನ್ಯ ಗಡಿ ದಾಟಿತು, 28ರಂದು ಮಂಡಾಲೆ ಬಿತ್ತು, ದೊರೆ ಥಿಬಾನನ್ನು ರತ್ನಗಿರಿಗೆ ಒಯ್ದರು. 1886ರ ಜನವರಿ 1ರಂದು ಮೇಲಣ ಬರ್ಮಾ ರಾಣಿಯ ಸಾಮ್ರಾಜ್ಯಕ್ಕೆ ಸೇರಿತೆಂಬ ಘೋಷಣೆ ಹೊರಟಿತು. ಭಾರತದ ಬೊಕ್ಕಸದಿಂದ ಖರ್ಚು ಮಾಡಲು 55ನೆಯ ಕಲಮಿನ ಪ್ರಕಾರ ಬೇಕಾಗಿದ್ದ ಒಪ್ಪಿಗೆ ಪಾರ್ಲಿಮೆಂಟಿನ ಮುಂದೆ ಬಂದದ್ದು ಅದಾದ ಮೇಲೆ. ಆಗ ಪ್ರಧಾನಿಯಾಗಿದ್ದವರು ಆ ಕಲಮಿಗಾಗಿ ಒತ್ತಾಯಿಸಿದ್ದ ಅದೇ ಗ್ಲ್ಯಾಡ್‌ಸ್ಟನ್. ನೆಲ ಆಗಲೇ ಸೇರಿಹೋಗಿದೆ, ದುಡ್ಡು ಆಗಲೇ ಖರ್ಚಾಗಿದೆ. ಇನ್ನು ಬೇಡವೆಂದರೆ ಯಾರಿಗೆ ಹೇಳುವುದು? ಮಂಡಾಲೆ ಬಿದ್ದ ಒಂದೇ ತಿಂಗಳಿಗೆ ಬೊಂಬಾಯಿಯಲ್ಲಿ ಸೇರಿದ ಇಂಡಿಯನ್ ನ್ಯಾಷನಲ್ ಕಾಂಗ್ರೆಸ್ಸಿನ ಮೊದಲ ಅಧಿವೇಶನದಲ್ಲಿ 72 ಪ್ರತಿನಿಧಿಗಳು ಈ ಸೇರ್ಪಡೆಯನ್ನು ಖಂಡಿಸಿ, ಸೇರಿಸಿಕೊಳ್ಳಲೇಬೇಕೆಂದಿದ್ದರೆ ಬರ್ಮಾವನ್ನು ಭಾರತದ ಆಡಳಿತದಿಂದ ಬೇರೆಯಿಡಿ ಎಂದು ನಿರ್ಣಯ ಮಾಡಿದರು. ದುಡ್ಡು ಕೊಡುವವರ ದನಿ ಅಂದು ಮೊದಲ ಸಲ ಸಾಮೂಹಿಕವಾಗಿ ಕೇಳಿಸಿತೆನ್ನಬೇಕು, ಆದರೆ ಅದಕ್ಕೆ ಮತದ ಬಲವಿರಲಿಲ್ಲ. ಬರ್ಮಾ ಬೇರೆಯಾದದ್ದು 1937ರಲ್ಲಿ. ದುಡ್ಡು ಕೊಡುವವರಿಗೆ ಮತವಿಲ್ಲದ ಕಥೆ ಮೈಸೂರಿನಲ್ಲೂ ಅದೇ. ಒಂದನೆಯ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯ ಸವಾರರು ಸೂಯೆಜ್ ಕಾಲುವೆಯನ್ನು ಕಾದು, 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ನಗರವನ್ನು ಗೆದ್ದುಕೊಟ್ಟರು. ಆ ಸವಾರರ ಶೌರ್ಯ ದೊಡ್ಡದು, ಅದಕ್ಕೆ ತಲೆಬಾಗಲೇಬೇಕು. ಆದರೆ ಆ ಪಡೆಯನ್ನು ಸಾಕಿದ್ದು ಮೈಸೂರಿನ ಬೊಕ್ಕಸ. 1881ರಿಂದಲೂ ಸೇರುತ್ತಿದ್ದ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಅಹವಾಲು ಹೇಳಿಕೊಳ್ಳುವ ಹಕ್ಕಿತ್ತೇ ಹೊರತು ಆ ಖರ್ಚಿನ ಮೇಲೆ ಮತ ಹಾಕುವ ಹಕ್ಕಿರಲಿಲ್ಲ.

ದುಡ್ಡು ಕೊಡುವವನೇ ಮತ ಹಾಕುವ ಕಡೆ ಏನಾಗುತ್ತದೆ? ಅಮೆರಿಕದ ಸಂವಿಧಾನ ಕಾನೂನಿನ ಮೂಲಕ ಮಂಜೂರಾಗದ ಒಂದು ಡಾಲರನ್ನೂ ಖಜಾನೆಯಿಂದ ತೆಗೆಯಕೂಡದೆನ್ನುತ್ತದೆ. ಸೈನ್ಯಕ್ಕೆ ಎರಡು ವರ್ಷ ಮೀರಿ ಒಮ್ಮೆಲೇ ಹಣ ಮಂಜೂರು ಮಾಡಬಾರದೆಂದೂ ಹೇಳುತ್ತದೆ. 1867ರಲ್ಲಿ ಅಲ್ಲಿನ ಸರ್ಕಾರ ಅಲಾಸ್ಕವನ್ನು ರಷ್ಯಾದಿಂದ 72 ಲಕ್ಷ ಡಾಲರಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಸೆನೆಟ್ ಒಪ್ಪಿತು, ಅಕ್ಟೋಬರ್ 18ರಂದು ಸಿಟ್ಕಾದಲ್ಲಿ ಬಾವುಟವೂ ಹಾರಿತು. ಹಣ ಕೊಡಬೇಕಾದ ಪ್ರತಿನಿಧಿ ಸಭೆ ಮತ ಹಾಕಿದ್ದು 1868ರ ಜುಲೈಯಲ್ಲಿ, ಬರ್ಮಾದಂತೆಯೇ ಎಲ್ಲ ಮುಗಿದ ಮೇಲೆ. ಕೊಡದಿದ್ದರೆ ದೇಶದ ಮಾನ ಹೋಗುತ್ತದೆಂಬ ವಾದ ಗೆದ್ದು 113ಕ್ಕೆ 43 ಮತಗಳಿಂದ ಹಣ ಮಂಜೂರಾಯಿತು. ಆದರೆ ಈ ನಡುವೆ, 1867ರ ನವೆಂಬರ್‌ನಲ್ಲಿ, ಅದೇ ಸಭೆ ಇನ್ನೊಂದು ಕೆಲಸ ಮಾಡಿತ್ತು. ದೇಶದ ಹಣಕಾಸಿನ ಈ ಸ್ಥಿತಿಯಲ್ಲಿ ಇನ್ನು ನೆಲ ಕೊಳ್ಳುವುದು ಸರಿಯಲ್ಲ, ಅಂಥ ಖರೀದಿಗೆ ಹಣ ಮಂಜೂರು ಮಾಡುವ ಹೊಣೆಯನ್ನು ಈ ಸಭೆ ಹೊರುವುದಿಲ್ಲ ಎಂಬ ನಿರ್ಣಯ ಅದು. ಕೆರಿಬಿಯನ್ ಸಮುದ್ರದ ಡೆನ್ಮಾರ್ಕಿನ ದ್ವೀಪಗಳಿಗೆ ಆಗಷ್ಟೇ 75 ಲಕ್ಷ ಡಾಲರಿನ ಒಪ್ಪಂದವಾಗಿತ್ತು. ಸೆನೆಟ್ ಅದನ್ನು ಅಂಗೀಕರಿಸಲೇ ಇಲ್ಲ. ಆ ದ್ವೀಪಗಳು ಅಮೆರಿಕಕ್ಕೆ ಸೇರಿದ್ದು ಐವತ್ತು ವರ್ಷಗಳ ನಂತರ, ಡೆನ್ಮಾರ್ಕಿನ ಜನರೇ ಮತ ಹಾಕಿ ಒಪ್ಪಿದ ಮೇಲೆ, ಎರಡೂವರೆ ಕೋಟಿ ಡಾಲರಿಗೆ. ಒಂದೇ ಸಭೆ, ಒಂದು ವರ್ಷವೂ ಇಲ್ಲದ ಅಂತರ. ಕೆಲಸಕ್ಕೆ ಮುಂಚೆ ಆಡಿದ ಮಾತು ಕಟ್ಟಿಹಾಕಿತು, ಕೆಲಸದ ನಂತರದ ಮತ ಕೈಕಟ್ಟಿಕೊಂಡು ಒಪ್ಪಿತು. ನಾನು ಎರಡನೆಯ ಷರತ್ತಿಗೆ ಇಷ್ಟು ಒತ್ತು ಕೊಡುವುದು ಇದಕ್ಕಾಗಿಯೇ. ಇದು ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. 2025ರ ಜನವರಿಯಲ್ಲಿ ಗ್ರೀನ್‌ಲ್ಯಾಂಡ್ ಮತ್ತು ಪನಾಮಾ ಕಾಲುವೆಯ ಹಿಡಿತಕ್ಕಾಗಿ ಸೇನಾಬಲ ಬಳಸುವುದಿಲ್ಲವೆಂದು ಭರವಸೆ ಕೊಡಲು ಡೊನಾಲ್ಡ್ ಟ್ರಂಪ್ ನಿರಾಕರಿಸಿದರು. ಡೆನ್ಮಾರ್ಕಿನ ದ್ವೀಪಗಳ ಖರೀದಿಯ ವೇಳೆ, ಇಡೀ ಗ್ರೀನ್‌ಲ್ಯಾಂಡಿನ ಮೇಲೆ ಡೆನ್ಮಾರ್ಕ್ ತನ್ನ ಹಿತಾಸಕ್ತಿ ವಿಸ್ತರಿಸಿಕೊಂಡರೆ ತನ್ನ ಆಕ್ಷೇಪವಿಲ್ಲವೆಂದು 1916ರಲ್ಲಿ ಬರೆದುಕೊಟ್ಟದ್ದು ಅಮೆರಿಕವೇ.

ದುಡ್ಡಿನ ಮಿತಿ ಯುದ್ಧದ ನಡುವೆಯೂ ಕೆಲಸ ಮಾಡಬಲ್ಲದು, ಆದರೆ ಅರೆಬರೆಯಾಗಿ. 1970ರ ಏಪ್ರಿಲ್ ಕೊನೆಯಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಕಾಂಬೋಡಿಯಕ್ಕೆ ಸೈನ್ಯ ಕಳಿಸಿದರು. ಕೂಪರ್ ಮತ್ತು ಚರ್ಚ್ ಎಂಬ ಇಬ್ಬರು ಸೆನೆಟರುಗಳ ತಿದ್ದುಪಡಿ ಕಾಂಬೋಡಿಯದಲ್ಲಿ ಅಮೆರಿಕದ ಕಾಲಾಳುಗಳಿಗೂ ಸೇನಾ ಸಲಹೆಗಾರರಿಗೂ ಹಣ ಬಳಸಕೂಡದೆಂದಿತು. ಅದು ಕಾನೂನಾಗುವ ಹೊತ್ತಿಗೆ 1971ರ ಜನವರಿ, ಸೈನ್ಯ ವಾಪಸಾಗಿ ಆರು ತಿಂಗಳು. ಕಾಲಾಳುಗಳು ಮತ್ತೆ ಹೋಗಲಿಲ್ಲ, ನಿಜ. ಆದರೆ ಕಾನೂನಿನಲ್ಲಿ ವಿಮಾನಗಳ ಮಾತಿರಲಿಲ್ಲವಾದ್ದರಿಂದ ಬಾಂಬಿನ ಮಳೆ ಮುಂದುವರಿಯಿತು. ಅದನ್ನು ನಿಲ್ಲಿಸಿದ್ದೂ ದುಡ್ಡಿನ ಕಾನೂನೇ: 1973ರ ಆಗಸ್ಟ್ 15ರ ನಂತರ ಇಂಡೋಚೀನಾದ ಯುದ್ಧಕಾರ್ಯಕ್ಕೆ ಹಣವಿಲ್ಲವೆಂದು ಅಮೆರಿಕದ ಶಾಸನಸಭೆಯಾದ ಕಾಂಗ್ರೆಸ್ ಹೇಳಿತು, ಆ ದಿನವೇ ಬಾಂಬ್ ದಾಳಿ ನಿಂತಿತು. ಇರಾಕಿನ ವಿಷಯದಲ್ಲಿ 2006ರಿಂದ ವರ್ಷವರ್ಷವೂ ರಕ್ಷಣಾ ಹಣದ ಕಾನೂನುಗಳಲ್ಲಿ ಒಂದು ಸಾಲು ಬರುತ್ತ ಬಂತು: ಅಲ್ಲಿ ಶಾಶ್ವತ ಸೇನಾನೆಲೆ ಕಟ್ಟಲು, ಅಲ್ಲಿನ ತೈಲದ ಮೇಲೆ ಅಮೆರಿಕದ ಹಿಡಿತ ಸಾಧಿಸಲು ಈ ಹಣ ಬಳಸಕೂಡದು. 2008ರ ಜನವರಿಯಲ್ಲಿ ಬುಷ್ ಇಂಥದೇ ಒಂದು ಕಲಮಿಗೆ ಸಹಿ ಹಾಕುತ್ತಲೇ, ಅಧ್ಯಕ್ಷನಾಗಿ ತನಗಿರುವ ಅಧಿಕಾರಕ್ಕೆ ಹೊಂದುವಂತೆ ಅದನ್ನು ಅರ್ಥೈಸುತ್ತೇನೆಂದು ಬರೆದರು. ಆ ಸಾಲು ಆಕ್ರಮಣವನ್ನು ಹಿಂದಕ್ಕೆ ಸುತ್ತಲಿಲ್ಲ. 2011ರ ಕೊನೆಗೆ ಸೈನ್ಯ ಹೊರಬಂದದ್ದು ಇರಾಕ್ ಸರ್ಕಾರದೊಂದಿಗಿನ ಒಪ್ಪಂದದಿಂದ. ಆದರೂ ಅದು ವ್ಯರ್ಥವೆಂದು ನಾನು ಒಪ್ಪಲಾರೆ. ಪರರ ಎಣ್ಣೆಬಾವಿಗಳು ನಮ್ಮವಲ್ಲವೆಂದು ಒಂದು ದೇಶ ತನ್ನದೇ ಕಾನೂನಿನಲ್ಲಿ ಬರೆದುಕೊಂಡಾಗ, ಮೀರಲು ಬಯಸುವವನು ಕಾನೂನು ಮುರಿಯುವವನಾಗಿ ಜನರೆದುರು ನಿಲ್ಲಬೇಕಾಗುತ್ತದೆ.

ಇಲ್ಲಿ ಬಲವಾದ ಆಕ್ಷೇಪವೊಂದು ಬರುತ್ತದೆ: ಮೀರುವವನು ಹೇಗೂ ಮೀರುತ್ತಾನೆ. 1907ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ನೌಕಾಪಡೆಯನ್ನು ಪೆಸಿಫಿಕ್ ಕಡೆ ಹೊರಡಿಸಿದಾಗ ಹಣ ಕೊಡುವುದಿಲ್ಲವೆಂಬ ಬೆದರಿಕೆ ಕಾಂಗ್ರೆಸ್ಸಿನಿಂದ ಬಂತು. ಹೋಗುವಷ್ಟು ಹಣ ತನ್ನಲ್ಲಿದೆ, ವಾಪಸು ತರುವುದು ನಿಮಗೆ ಬಿಟ್ಟದ್ದು ಎಂಬರ್ಥದ ಉತ್ತರ ಅವರದು. ನಿಕರಾಗುವಾ ಸರ್ಕಾರವನ್ನು ಉರುಳಿಸಲು ಹಣ ಬಳಸಕೂಡದೆಂಬ ಬೋಲಂಡ್ ತಿದ್ದುಪಡಿ 1982ರಲ್ಲಿ ಪ್ರತಿನಿಧಿ ಸಭೆಯಲ್ಲಿ 411ಕ್ಕೆ ಸೊನ್ನೆ ಮತಗಳಿಂದ ಅಂಗೀಕಾರವಾಯಿತು, 1984ರಲ್ಲಿ ಇನ್ನಷ್ಟು ಬಿಗಿಯಾಯಿತು. ರೇಗನ್ ಆಡಳಿತದ ಅಧಿಕಾರಿಗಳು ಸೌದಿ ಅರೇಬಿಯಾದ ಕೈಯಿಂದ ಕೋಟ್ಯಂತರ ಡಾಲರ್ ಹೊಂದಿಸಿದರು, ಇರಾನಿಗೆ ಗುಟ್ಟಾಗಿ ಆಯುಧ ಮಾರಿ ಬಂದ ಲಾಭವನ್ನೂ ನಿಕರಾಗುವಾದ ಬಂಡುಕೋರರಿಗೆ ಹರಿಸಿದರು. ಕೆರೆಯ ತೂಬು ಮುಚ್ಚಿದರೆ ನೀರು ಏರಿಯಲ್ಲಿ ಬಿಲ ಹುಡುಕುವಂತೆ ದುಡ್ಡೂ ಬೇರೆ ದಾರಿ ಹುಡುಕುತ್ತದೆ. ಆದರೆ ಈ ಉದಾಹರಣೆಯನ್ನು ಪೂರ್ತಿ ಓದಬೇಕು. ಕಾನೂನು ಇದ್ದದ್ದರಿಂದಲೇ ಆ ಕೆಲಸ ಕತ್ತಲಲ್ಲಿ ನಡೆಯಬೇಕಾಯಿತು, 1986ರಲ್ಲಿ ಬೆಳಕಿಗೆ ಬಂದಾಗ ಅದು ನೀತಿಯ ಭಿನ್ನಾಭಿಪ್ರಾಯವೆನಿಸದೆ ಅಪರಾಧವೆನಿಸಿತು, ಅಧಿಕಾರಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಉಲ್ಲಂಘನೆಯಾಯಿತೆಂದು ಕಾನೂನೇ ನಿರರ್ಥಕವೆನ್ನುವುದಾದರೆ ಕಳ್ಳತನದ ವಿರುದ್ಧದ ಕಾನೂನನ್ನೂ ತೆಗೆದುಹಾಕಬೇಕಾಗುತ್ತದೆ. ಕಲಿಯಬೇಕಾದ ಪಾಠ ಬೇರೆಯಿದೆ: ಖಜಾನೆಯ ಬಾಗಿಲೊಂದನ್ನೇ ಹಾಕಿದರೆ ಸಾಲದು, ಇಂಥ ಕೆಲಸಕ್ಕೆ ಪರರಾಷ್ಟ್ರದ ಇಲ್ಲವೇ ಖಾಸಗಿಯವರ ಹಣ ಪಡೆಯುವುದನ್ನೂ ಅದೇ ಕಾನೂನು ನಿಷೇಧಿಸಬೇಕು.

ಇನ್ನೊಂದು ಆಕ್ಷೇಪ ನೈತಿಕವಾದದ್ದು, ನನ್ನನ್ನು ಹೆಚ್ಚು ಕಾಡುವುದೂ ಅದೇ. ರಣರಂಗದಲ್ಲಿರುವ ಸೈನಿಕನಿಗೆ ಹಣ ನಿಲ್ಲಿಸುವುದು ದ್ರೋಹವಲ್ಲವೇ, ನಂಬಿ ಜೊತೆ ನಿಂತ ಸ್ಥಳೀಯರನ್ನು ನಡುನೀರಿನಲ್ಲಿ ಕೈಬಿಟ್ಟಂತಲ್ಲವೇ? 1975ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಫೋರ್ಡ್ ಇಂಡೋಚೀನಾಕ್ಕೆಂದು ಕೇಳಿದ ಸೇನಾ ನೆರವನ್ನು ಕಾಂಗ್ರೆಸ್ ಕೊಡಲಿಲ್ಲ. ಅದೇ ತಿಂಗಳು 17ರಂದು ಕಾಂಬೋಡಿಯದ ನಾಮ್ ಪೆನ್, 30ರಂದು ವಿಯೆಟ್ನಾಮಿನ ಸೈಗಾನ್ ಬಿದ್ದವು. ನಾಮ್ ಪೆನ್‌ಗೆ ಬಂದ ಖ್ಮೇರ್ ರೂಜ್ ಮಾಡಿದ ನರಮೇಧ ಎಲ್ಲರಿಗೂ ಗೊತ್ತು. ಈ ಸಾವುಗಳನ್ನು ಬದಿಗಿಟ್ಟು ವಾದಿಸುವುದು ತಪ್ಪು. ಆದರೆ ಅವು ಹೇಳುವುದು ತಡವಾಗಿ ಬಂದ ಮಿತಿಯ ಕ್ರೌರ್ಯವನ್ನು. ಪ್ರವೇಶಕ್ಕೆ ಮೊದಲೇ ಶಾಸನಸಭೆ ಕೇಳಬೇಕಾಗಿದ್ದ ಪ್ರಶ್ನೆಯನ್ನು ಲಕ್ಷಾಂತರ ಜೀವಗಳು ಸಿಕ್ಕಿಹಾಕಿಕೊಂಡ ಮೇಲೆ ಕೇಳಿದರೆ ಪ್ರತಿ ಉತ್ತರದಲ್ಲೂ ರಕ್ತವಿರುತ್ತದೆ. ಸೈನಿಕರನ್ನು ಒತ್ತೆಯಿಟ್ಟಂತೆ ಮುಂದಿಟ್ಟುಕೊಂಡು ಹಣ ಕೇಳುವ ಅವಕಾಶವನ್ನೇ ಸರ್ಕಾರಕ್ಕೆ ಕೊಡಬಾರದು. ಅದಲ್ಲದೆ ಹಣ ನಿಲ್ಲಿಸುವುದೆಂದರೆ ನಾಳೆಯಿಂದ ಗುಂಡು, ಊಟ ಇಲ್ಲವೆನ್ನುವುದಲ್ಲ. 1993ರಲ್ಲಿ ಸೊಮಾಲಿಯದ ವಿಷಯದಲ್ಲಿ ಅಮೆರಿಕದ ಕಾಂಗ್ರೆಸ್ ಮುಂದಿನ ಮಾರ್ಚ್ 31ರ ಗಡುವು ಹಾಕಿ, ಅಲ್ಲಿಯವರೆಗೆ ಹಣ ಕೊಟ್ಟು, ಸೈನ್ಯ ಕ್ರಮವಾಗಿ ಹೊರಬರಲು ಸಮಯ ಕೊಟ್ಟಿತು.

ಇದೆಲ್ಲ ಸಾಮ್ರಾಜ್ಯಗಳ ರೋಗ, ಪರರ ನೆಲಕ್ಕೆ ಆಸೆಪಡದ ಭಾರತಕ್ಕೆ ಈ ಔಷಧ ಏಕೆ ಎಂದು ಕೇಳಬಹುದು. ನಮ್ಮ ಸಂವಿಧಾನವನ್ನೇ ನೋಡೋಣ. ಬೆರುಬಾರಿ ಪ್ರಕರಣದಲ್ಲಿ 1960ರಲ್ಲಿ ಸುಪ್ರೀಂ ಕೋರ್ಟು ಭಾರತದ ನೆಲವನ್ನು ಬೇರೆ ದೇಶಕ್ಕೆ ಬಿಟ್ಟುಕೊಡಬೇಕಾದರೆ ಸಂವಿಧಾನದ ತಿದ್ದುಪಡಿಯೇ ಆಗಬೇಕೆಂದಿತು. ಬಾಂಗ್ಲಾದೇಶದೊಂದಿಗೆ ಗಡಿಯ ತುಂಡುನೆಲಗಳನ್ನು ಅದಲುಬದಲು ಮಾಡಿಕೊಳ್ಳಲು 2015ರಲ್ಲಿ ನೂರನೆಯ ತಿದ್ದುಪಡಿ ಬೇಕಾಯಿತು. ಒಂದು ಹಳ್ಳಿ ಬಿಟ್ಟುಕೊಡಲು ಇಷ್ಟು ಕಟ್ಟುನಿಟ್ಟು. ಆದರೆ ಬೇರೆ ದೇಶದ ನೆಲಕ್ಕೆ ಸೈನ್ಯ ಕಳಿಸಿ ಅಲ್ಲಿನ ಪಟ್ಟಣಗಳ ಹಿಡಿತ ತೆಗೆದುಕೊಳ್ಳಲು ಸಂಸತ್ತಿನ ಒಂದು ಮತವೂ ಬೇಡ. 1987ರ ಜುಲೈ 29ರಂದು ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿಯಾಯಿತು, ಮರುದಿನವೇ ನಮ್ಮ ಶಾಂತಿಪಾಲನಾ ಪಡೆ ಶ್ರೀಲಂಕಾದಲ್ಲಿ ಇಳಿಯಿತು. ಅಲ್ಲಿನ ಸರ್ಕಾರದ ಒಪ್ಪಿಗೆಯಿದ್ದದ್ದರಿಂದ ಅದನ್ನು ಆಕ್ರಮಣವೆನ್ನಲಾಗದು. ಆದರೂ ಅಕ್ಟೋಬರ್ ಹೊತ್ತಿಗೆ ಜಾಫ್ನಾಕ್ಕಾಗಿ ಬೀದಿ ಬೀದಿಯಲ್ಲಿ ಹೋರಾಡುವ ಸ್ಥಿತಿ ಬಂತು. 1990ರ ಮಾರ್ಚ್ 24ರಂದು ಕೊನೆಯ ತುಕಡಿ ಹೊರಡುವ ಹೊತ್ತಿಗೆ ಸುಮಾರು 1,200 ಭಾರತೀಯ ಸೈನಿಕರು ಸತ್ತಿದ್ದರು. ಎಷ್ಟು ಕಾಲ, ಎಷ್ಟು ಖರ್ಚು, ಯಾವ ಗುರಿ ಮುಟ್ಟಿದರೆ ವಾಪಸು ಎಂಬ ಪ್ರಶ್ನೆಗಳಿಗೆ ಸರ್ಕಾರ ಮೊದಲೇ ಲೋಕಸಭೆಯ ಮುಂದೆ ಉತ್ತರ ಕೊಟ್ಟು ಮತ ಪಡೆಯಬೇಕಾಗಿದ್ದಿದ್ದರೆ ಪಡೆ ಹೋಗುತ್ತಲೇ ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಆ ಉತ್ತರಗಳು ದಾಖಲೆಯಲ್ಲಿರುತ್ತಿದ್ದವು, ಗಡುವು ಇರುತ್ತಿತ್ತು.

ಬಜೆಟ್ಟಿನ ಮತ ಇದೆಯಲ್ಲ ಎಂದರೆ, ಅದರ ಬಲ ಎಷ್ಟೆಂದು ಅಳೆಯಬೇಕು. ಸಂಚಿತ ನಿಧಿಯಿಂದ ಕಾನೂನಿಲ್ಲದೆ ಹಣ ತೆಗೆಯಕೂಡದೆಂದು 266ನೆಯ ವಿಧಿ ಹೇಳುತ್ತದೆ. ಆದರೆ 113ನೆಯ ವಿಧಿಯ ಪ್ರಕಾರ ಲೋಕಸಭೆ ಒಂದು ಬೇಡಿಕೆಯನ್ನು ಒಪ್ಪಬಹುದು, ನಿರಾಕರಿಸಬಹುದು, ಮೊತ್ತ ಕಡಿಮೆ ಮಾಡಬಹುದು, ಅಷ್ಟೆ. 114ನೆಯ ವಿಧಿ ಧನವಿನಿಯೋಗ ವಿಧೇಯಕದಲ್ಲಿ ಹಣದ ಮೊತ್ತವನ್ನಾಗಲಿ ಉದ್ದೇಶವನ್ನಾಗಲಿ ಬದಲಿಸುವ ತಿದ್ದುಪಡಿಯನ್ನು ಬಿಡುವುದಿಲ್ಲ. ಈ ಹಣವನ್ನು ಇಂಥ ನೆಲದಲ್ಲಿ ಬಳಸಕೂಡದೆಂಬ ಅಮೆರಿಕದ ಮಾದರಿಯ ಸಾಲನ್ನು ನಮ್ಮ ಸದಸ್ಯನೊಬ್ಬ ಅಲ್ಲಿ ಸೇರಿಸಲು ಹೋದರೆ ಆ ದಾರಿ ಮುಚ್ಚಿದೆ. ರಕ್ಷಣಾ ಇಲಾಖೆಯ ಬೇಡಿಕೆಗಳು ಎಷ್ಟೋ ವರ್ಷ ಚರ್ಚೆಯೇ ಇಲ್ಲದೆ ಗಿಲೊಟಿನ್‌ಗೆ ಬಿದ್ದು ಒಟ್ಟಿಗೆ ಪಾಸಾಗುತ್ತವೆ. ಹೀಗಾಗಿ ಬೇಕಾಗಿರುವುದು ಬಜೆಟ್ಟಿನ ಹೊರಗೆ ನಿಲ್ಲುವ ಪ್ರತ್ಯೇಕ ಕಾನೂನು: ಭಾರತದ ಮೇಲಿನ ದಾಳಿಯನ್ನು ತಡೆಯುವುದಕ್ಕೆ ಹೊರತು, ಬೇರೆ ದೇಶದ ನೆಲದಲ್ಲಿ ಸೇನೆ ನಿಲ್ಲಿಸಲು ಅಥವಾ ಆ ನೆಲದ ಹಿಡಿತ ಸಾಧಿಸಲು ಲೋಕಸಭೆಯ ಪೂರ್ವಾನುಮತಿಯಿಲ್ಲದೆ ಸಂಚಿತ ನಿಧಿಯ ಹಣ ಬಳಸಕೂಡದು, ತುರ್ತಿದ್ದರೆ ಕೆಲವು ವಾರಗಳ ಅವಕಾಶ, ಆಮೇಲೆ ಮತವಿಲ್ಲದೆ ಹಣವಿಲ್ಲ. ಇದರಿಂದ ದೇಶದ ಕೈಕಾಲು ಕಟ್ಟಿದಂತಾಗುತ್ತದೆಂಬ ಭಯಕ್ಕೆ ನಮ್ಮ ಅನುಭವದಲ್ಲೇ ಉತ್ತರವಿದೆ. 1971ರ ಡಿಸೆಂಬರ್ 3ರಂದು ಪಾಕಿಸ್ತಾನದ ವಿಮಾನಗಳೇ ನಮ್ಮ ನೆಲೆಗಳ ಮೇಲೆ ದಾಳಿ ಮಾಡಿದವು. ಅದಕ್ಕೆ ಅನುಮತಿಯ ಪ್ರಶ್ನೆಯೇ ಏಳುತ್ತಿರಲಿಲ್ಲ, ಬಾಂಗ್ಲಾದೇಶದಿಂದ ನಮ್ಮ ಸೈನ್ಯ ಮುಂದಿನ ಮಾರ್ಚ್‌ನೊಳಗೇ ವಾಪಸಾಯಿತು. 1988ರ ನವೆಂಬರ್‌ನಲ್ಲಿ ಮಾಲ್ಡೀವ್ಸ್ ಅಧ್ಯಕ್ಷರ ಕರೆಗೆ ಓಗೊಟ್ಟು ಹೋದ ಪಡೆ ಒಂದೆರಡು ದಿನಗಳಲ್ಲಿ ದಂಗೆ ಅಡಗಿಸಿತು. ತುರ್ತಿನ ಅವಕಾಶದೊಳಗೇ ಆ ಕೆಲಸದ ಮುಖ್ಯ ಭಾಗ ಮುಗಿಯುತ್ತಿತ್ತು. ಇಂಥ ಕಾನೂನು ಅಡ್ಡ ಬರುವುದು ಗುರಿಯಿಲ್ಲದ, ಕೊನೆಯಿಲ್ಲದ ದಂಡಯಾತ್ರೆಗೆ ಮಾತ್ರ.

1858ರ ಕಲಮಿನಲ್ಲಿದ್ದ ಕೊರತೆಗಳನ್ನು ತುಂಬುವ ಸ್ಥಿತಿಯಲ್ಲಿ ಇಂದು ನಾವಿದ್ದೇವೆ. ತೆರಿಗೆ ಕೊಡುವವರೇ ಇಂದು ಮತ ಹಾಕುವವರು. ಯುದ್ಧ ಮತ್ತು ಶಾಂತಿ ಸಂವಿಧಾನದ ಕೇಂದ್ರ ಪಟ್ಟಿಯ 15ನೆಯ ವಿಷಯವಾದ್ದರಿಂದ ಅದರ ಮೇಲೆ ಕಾನೂನು ಮಾಡುವ ಅಧಿಕಾರ ಸಂಸತ್ತಿಗೆ 1950ರಿಂದಲೂ ಇದೆ. ಅದನ್ನು ಬಳಸಿ ಇಂಥ ಮಿತಿಯನ್ನು ಬರೆಯುವುದು ಯಾವ ಪಕ್ಷ ಅಧಿಕಾರದಲ್ಲಿದೆ ಎಂಬುದಕ್ಕೆ ಸಂಬಂಧಿಸಿದ ಮಾತಲ್ಲ. ಗಡಿಯಾಚೆ ಎಲ್ಲೂ ನಮ್ಮ ಸೈನ್ಯ ಸಿಕ್ಕಿಹಾಕಿಕೊಂಡಿರದ ಹೊತ್ತಿನಲ್ಲೇ ನಮ್ಮ ಸಂಸದರು ಅದನ್ನು ಬರೆಯಲಿ.